ಬೀಗದ ಬೀದಿಗೆ ಬಂದ ಅನುದಾನ

ಅನುದಾನ ಬಂದಲ್ಲಿ ಅವಾಂತರವೂ ಬರುತ್ತದೆ. ಕಡೂರಿನ ನಮ್ಮ ಬೀದಿಯಲ್ಲಿ ಇದು ಒಮ್ಮೆಯೂ ತಪ್ಪಿಲ್ಲ. ಎಣ್ಣೆ ಗಿರಣಿ ಮುಚ್ಚಿದ ಮೇಲೆ ಕೆಲಸಗಾರರ ಮನೆಸಾಲದ ಕಂತು ನಿಂತಿತು. ಬ್ಯಾಂಕಿನವರು ಮನೆಗಳಿಗೆ ಬೀಗ ಜಡಿದು ಮೊಹರು ಒತ್ತಿದರು. ಕೊಳ್ಳುವವರಿಲ್ಲದೆ ಅರ್ಧ ಬೀದಿ ಪಾಳುಬಿತ್ತು. ಈಗ ಅಂಥ ಮನೆಗಳನ್ನು ಬಿಡಿಸಿ, ದುರಸ್ತಿ ಮಾಡಿ, ಹಿಂದಿದ್ದವರಿಗೇ ಕೊಡಲು ಸರ್ಕಾರ ಹಣ ನೀಡಿದೆ; ಆದರೆ ಮನೆ ಪಾಳುಬಿದ್ದಿರಬೇಕು, ಜನ ವಾಸವಿರಕೂಡದು. ನಿವೃತ್ತ ಮುಖ್ಯೋಪಾಧ್ಯಾಯನೆಂದು ನನ್ನನ್ನು ಬೀದಿ ಸಮಿತಿಗೆ ಸೇರಿಸಿದರು.

೧. ನೋಟೀಸು

ಬೀಗ ಬಿದ್ದ ಮನೆಗಳಿಗೆ ನೋಟೀಸು ಅಂಟಿಸಲು ಜವಾನನನ್ನು ಕಳುಹಿಸಿದೆ. ಹನ್ನೊಂದಕ್ಕೆ ಹೋದವನು ಎರಡಕ್ಕೆ ಬಂದ. ತಡವೇಕೆಂದು ಗದರಿದೆ.

“ಪ್ರತಿ ಮನೇಲೂ ಬಾಗ್ಲು ತಟ್ಟಿ ಕಾದೆ ಮೇಷ್ಟ್ರೇ. ಒಬ್ರೂ ತೆಗೀಲಿಲ್ಲ!”

೨. ರಂಗೋಲಿ

ಮನೆ ಕಳೆದುಕೊಂಡ ಒಬ್ಬಾಕೆ, ನನ್ನ ಹಳೆಯ ವಿದ್ಯಾರ್ಥಿನಿ, ಗಂಡನೊಡನೆ ಬೀದಿಯ ಕೊನೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ಆದರೂ ಪ್ರತಿ ಬೆಳಿಗ್ಗೆ ಬಂದು, ಬೀಗ ಬಿದ್ದ ತನ್ನ ಮನೆಯ ಹೊಸ್ತಿಲು ತೊಳೆದು ರಂಗೋಲಿ ಇಡುತ್ತಿದ್ದಳು. ತಪಾಸಣೆಗೆ ಬಂದ ಎಂಜಿನಿಯರ್ ಅಲ್ಲಿಯೇ ನಿಂತರು.

“ಇಲ್ಲಿ ಜನ ಇದಾರಲ್ರೀ.”

“ಬೀಗ ನೋಡಿ” ಎಂದೆ.

“ರಂಗೋಲಿ ನೋಡಿ ಸಾರ್. ಪಾಳು ಮನೆ ಅಂತ ಹೆಂಗೆ ಬರೀಲಿ?”

“ಬೀಗ ಹಾಕಿರೋದು ಬಾಗ್ಲಿಗೆ ಸ್ವಾಮಿ, ಹೊಸ್ತಿಲಿಗಲ್ಲ” ಎಂದಳು ಆಕೆ.

ವಾರದ ನಂತರ ಇನ್ನೊಮ್ಮೆ ನೋಡುವುದಾಗಿಯೂ ಅದೇ ಕೊನೆಯೆಂದೂ ಹೇಳಿ ಅವರು ಹೊರಟರು. ಅಲ್ಲಿಯವರೆಗೆ ಕಸ ಗುಡಿಸಕೂಡದು, ರಂಗೋಲಿ ಇಡಕೂಡದು ಎಂದು ಆಜ್ಞಾಪಿಸಿದೆ.

“ಗುಡಿಸ್ಲಿಲ್ಲ ಅಂತ ಶಾಲೇಲಿ ನಂಗೆ ಬೆತ್ತದ ಏಟು ಕೊಟ್ಟೋರು ನೀವೇ ಅಲ್ವಾ ಮೇಷ್ಟ್ರೇ?”

೩. ಸೂತಕ

ನಮ್ಮಲ್ಲಿ ಬಾಗಿಲ ಮುಂದೆ ರಂಗೋಲಿ ಇಡುವುದು ನಿಂತರೆ ಆ ಮನೆಯಲ್ಲಿ ಸಾವಾಗಿದೆಯೆಂದು ಅರ್ಥ. ನಾನು ಇದನ್ನು ಮರೆತಿದ್ದೆ, ಬೀದಿ ಮರೆತಿರಲಿಲ್ಲ. ಗಿರಣಿ ಮುಚ್ಚಿದಾಗ ತರೀಕೆರೆಗೂ ಅಜ್ಜಂಪುರಕ್ಕೂ ಚದುರಿದ್ದ ಹಳೆಯ ನೆರೆಯವರಿಗೆ ಸುದ್ದಿ ಮುಟ್ಟಿತು. ಏಳನೆಯ ದಿನ ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದರು. ಅವರಿಗೆ ಗೊತ್ತಿದ್ದ ಮನೆ ಅದೊಂದೇ; ಅದರ ಜಗಲಿಯಲ್ಲೇ ಕುಳಿತರು. ಆಕೆಯ ಗಂಡ ಎದುರಾದಾಗ ದಿಗಿಲುಬಿದ್ದರು.

“ನೀನಿದೀಯಲ್ಲಪ್ಪಾ! ಮತ್ಯಾರು ಹೋಗಿದ್ದು?”

“ಯಾರೂ ಇಲ್ಲ ಕಣ್ರೀ,” ಎಂದಳು ಆಕೆ. “ಮನೆ ಸತ್ತಿದೆ ಅಂತ ಸರ್ಕಾರಕ್ಕೆ ತೋರಿಸ್ಬೇಕಂತೆ.”

ಸಾವಿನ ಮನೆಗೆ ತಂದದ್ದನ್ನು ಹಿಂದಕ್ಕೆ ಒಯ್ಯುವಂತಿಲ್ಲ. ಬುತ್ತಿ ಬಿಚ್ಚಿ, ಎಲೆ ಹಾಕಿ, ಎಲ್ಲರೂ ಊಟಕ್ಕೆ ಕುಳಿತರು. ಎಂಜಿನಿಯರ್ ಬಂದದ್ದು ಆಗಲೇ.

“ಇದು ಪಾಳು ಮನೇನಾ ಸಾರ್? ಪಂಕ್ತಿ ನಡೀತಿದೆ!”

ನಾನು ಮೊದಲಿನಿಂದ ಕ್ರಮವಾಗಿ ವಿವರಿಸಿದೆ. ಅಷ್ಟರಲ್ಲಿ ಅವರು ಫೋಟೋ ತೆಗೆದು ‘ವಾಸವಿದೆ’ ಎಂದು ಬರೆದಾಗಿತ್ತು. ಮನೆ ಪಟ್ಟಿಯಿಂದ ಹೋಯಿತು.

ಆಕೆ ಕಲಸಿದ ಅನ್ನ ಬಿಟ್ಟು ಎಲೆ ಮಡಚಿದಳು. ಬಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಅಳತೊಡಗಿದರು. ಅಜ್ಜಂಪುರದ ಮುದುಕಿ ಆಕೆಯ ಬೆನ್ನು ಸವರಿ ಹೇಳಿದಳು:

“ಹೆಂಗೂ ಅಳಕ್ಕೇ ಅಂತ ಬಂದಿದ್ವಿ ಕಣೇ. ಬಂದಿದ್ದು ದಂಡ ಆಗ್ಲಿಲ್ಲ ಬಿಡು.”