ಬಿಷಪ್ ಕೊರಳೇರಿದ ಮೇಲೆ

ಮನೆಗೆ ಸಾಕುಹಾವು ಬಂದು ಹದಿನೈದು ದಿನವಾದರೂ ಆ ಮನೆಯಲ್ಲಿ ಬುಸುಗುಟ್ಟುತ್ತಿದ್ದವನು ವರ್ಲಿನ್ ಒಬ್ಬನೇ. ಹಾವು ವಾರಕ್ಕೊಂದು ಇಲಿ ತಿಂದು, ಗಾಜಿನ ಪೆಟ್ಟಿಗೆಯ ಬೆಚ್ಚಗಿನ ಮೂಲೆಯಲ್ಲಿ ಮುದ್ದೆಯಾಗಿ ಮಲಗಿರುತ್ತಿತ್ತು. ಅದರ ಗಾಂಭೀರ್ಯ ನೋಡಿ ಹೆಂಡತಿ ಆರ್ಲಿಸ್ ಅದಕ್ಕೆ ಬಿಷಪ್ ಎಂದು ಹೆಸರಿಟ್ಟಿದ್ದಳು.

ಬಿಷಪ್‌ನ ಜೊತೆ ನಿಯಮಾವಳಿಯ ಹಾಳೆಯೂ ಬಂದು ಫ್ರಿಜ್ಜಿನ ಬಾಗಿಲೇರಿತ್ತು. ಮುಟ್ಟುವ ಮುಂಚೆ ಕೈ ತೊಳೆಯಬೇಕು. ಇಲಿಯ ವಾಸನೆಯಿದ್ದರೆ ಬೆರಳನ್ನೇ ಊಟ ಅಂದುಕೊಳ್ಳುತ್ತದೆ. ಮೇಲಿಂದ ಹಿಡಿಯದೆ ಹೊಟ್ಟೆಯ ಕೆಳಗೆ ಕೈಯಿಟ್ಟು ಎತ್ತಬೇಕು. ತಿಂದ ಮೇಲೆ ಎರಡು ದಿನ ಮುಟ್ಟಬಾರದು. ಮೈಮೇಲಿರುವಾಗ ಅದುರಬಾರದು, ಅರಚಬಾರದು. (ಈ ಕೊನೆಯದನ್ನು ಆರ್ಲಿಸ್ ಹಾವಿನ ಸಲುವಾಗಿ ಬರೆದಳೋ ಗಂಡನ ಸಲುವಾಗಿಯೋ ಎಂಬ ಅನುಮಾನ ವರ್ಲಿನ್‌ಗೆ ಇದ್ದೇ ಇತ್ತು.)

ಸೋಮವಾರ ಸಂಜೆ ಆರ್ಲಿಸ್ ಬಿಷಪ್‌ನನ್ನು ಮೆಲ್ಲಗೆ ಎತ್ತಿ ಗಂಡನ ಕೊರಳಿಗೆ ಬಿಟ್ಟಳು. ವರ್ಲಿನ್ ಸಾಕ್ಷಾತ್ ನಾಗಭೂಷಣನಾಗಿ ಉಸಿರು ಬಿಗಿಹಿಡಿದು ಕುಳಿತ.

"ಶನಿವಾರ ನಮ್ಮಮ್ಮನಿಗೆ ಎಂಬತ್ತು ತುಂಬುತ್ತೆ. ಊಟ ಇಲ್ಲೇ. ಕೇಕ್ ನೀನೇ ಕತ್ತರಿಸ್ಬೇಕಂತೆ," ಎಂದಳು.

"ಜಿಂಕೆ ಬೇಟೆ ಶುರುವಾಗೋ ಶನಿವಾರ ಕಣೇ ಅದು."

"ಅಮ್ಮ ಹುಟ್ಟೋವಾಗ ಅವಳನ್ನ ಯಾರೂ ಕೇಳ್ಲಿಲ್ವಂತೆ."

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಆ ಶನಿವಾರ ಮದುವೆ ಇಟ್ಟುಕೊಂಡ ವರನನ್ನೂ ಊರು ಕ್ಷಮಿಸುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ವರ್ಲಿನ್ ಬೇಟೆಗೆಂದು ಕಾಡಿನ ಗುಡಿಸಲಿಗೆ ಹೋಗುವುದನ್ನು ತಪ್ಪಿಸಿದವನಲ್ಲ. ಅವನ ಕತ್ತಿನ ನರ ಉಬ್ಬಿತು. ಬಿಷಪ್ ನಾಲಗೆ ಚಾಚಿ ಅದನ್ನೇ ವಿಚಾರಿಸಿತು.

"ಅದುರ್ಬೇಡ. ಅದಕ್ಕೆ ಗೊತ್ತಾಗುತ್ತೆ," ಎಂದಳು ಆರ್ಲಿಸ್.

"ಯೋಚ್ನೆ ಮಾಡ್ತೀನಿ," ಎಂದ ವರ್ಲಿನ್, ಚರ್ಚಿನಲ್ಲಿ ಮಾತಾಡುವ ದನಿಯಲ್ಲಿ. ಅರಚದೆ ವಾದ ಮಾಡುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ.

ಮರುದಿನವೂ ಮಾತೆತ್ತುವಷ್ಟರಲ್ಲಿ ಬಿಷಪ್ ಕೊರಳಿಗೆ ಬಂತು. ಬುಧವಾರವೂ ಅದೇ. ಕೊನೆಗೆ ಫ್ರಿಜ್ಜಿನ ಮುಂದೆ ನಿಂತಾಗ ವರ್ಲಿನ್‌ಗೆ ದಾರಿ ಹೊಳೆಯಿತು. ತಿಂದ ಮೇಲೆ ಎರಡು ದಿನ ಮುಟ್ಟಬಾರದು. ಮುಟ್ಟದ ಹಾವು ಕೊರಳಿಗೆ ಬರುವುದು ಹೇಗೆ?

ಗುರುವಾರ ಆರ್ಲಿಸ್ ಕೆಲಸದಿಂದ ಬರುವ ಮುಂಚೆಯೇ ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದ ಇಲಿಯೊಂದನ್ನು ಬಿಸಿನೀರಲ್ಲಿಟ್ಟು ಮೆತ್ತಗೆ ಮಾಡಿ ಇಕ್ಕಳದಲ್ಲಿ ಹಿಡಿದ. ಬಿಷಪ್ ಒಂದೇ ಏಟಿಗೆ ಕಚ್ಚಿ ನುಂಗಿತು. ಪೆಟ್ಟಿಗೆಯ ಮುಚ್ಚಳಕ್ಕೆ ಕ್ಲಿಪ್ ಹಾಕಿ, ಕೈ ತೊಳೆದು, ನಾಲ್ಕು ದಿನದ ಕೋಪವನ್ನೆಲ್ಲ ಎದೆಗೆ ತುಂಬಿಕೊಂಡು ಬಾಗಿಲಲ್ಲಿ ನಿಂತ.

"ಆರ್ಲಿಸ್," ಎಂದು ಅವಳು ಒಳಗೆ ಕಾಲಿಡುತ್ತಲೇ ಗುಡುಗಿದ.

"ಶ್," ಎಂದು ಅವಳು ಪೆಟ್ಟಿಗೆಯತ್ತ ನೋಡಿದಳು. "ಊಟ ಹಾಕಿದ್ಯಾ? ಜಾಣ ಕಣೋ ನೀನು. ಇನ್ನು ಎರಡು ದಿನ ಮನೇಲಿ ಗದ್ದಲ ಮಾಡ್ಬೇಡ. ಬೆದರಿದ್ರೆ ತಿಂದಿದ್ದೆಲ್ಲ ಕಕ್ಕಿಬಿಡುತ್ತೆ. ಹಾಳೆಯ ಹಿಂದುಗಡೆ ಬರ್ದಿದೀನಲ್ಲ, ನೋಡಿಲ್ವಾ?"

ವರ್ಲಿನ್ ಹಾಳೆ ತಿರುವಿದ. ಬರೆದಿತ್ತು. ಬೆರಳಲ್ಲಿ ಲೆಕ್ಕ ಹಾಕಿದ. ಎರಡು ದಿನ ಮುಗಿಯುವುದು ಶನಿವಾರ ಸಂಜೆ. ಅವಳ ಹಿಂದೆ ಹಿಂದೆ ಅಡುಗೆಮನೆಗೆ ಹೋಗಿ ಪಿಸುದನಿಯಲ್ಲಿ ಜಗಳ ತೆಗೆದು ನೋಡಿದ. ಪಿಸುದನಿಯಲ್ಲಿ ಕೋಪ ಏರಲೇ ಇಲ್ಲ. ನಡುವೆ ಎಲ್ಲೋ "ಸರಿ" ಅಂದುಬಿಟ್ಟ.

ಶನಿವಾರ ದೂರದ ಕಾಡಿನಿಂದ ಗುಂಡಿನ ಸದ್ದು ಕೇಳಿಬರುತ್ತಿದ್ದಾಗ ವರ್ಲಿನ್ ಕೇಕ್ ಕತ್ತರಿಸುತ್ತಿದ್ದ.

"ಹೊಸ ಪ್ರಾಣಿ ತೊಂದ್ರೆ ಕೊಡಲ್ವೇನೇ?" ಎಂದು ಅತ್ತೆ ಮಗಳನ್ನು ಕೇಳಿದರು.

"ಮೊದ್ಲು ಬುಸುಗುಟ್ಟುತ್ತಿತ್ತಮ್ಮ. ಈಗ ಹೊಟ್ಟೆ ತುಂಬ ಹಾಕಿ ಮೆಲ್ಲಗೆ ಮಾತಾಡ್ಸಿದ್ರೆ ಹೇಳಿದ ಹಾಗೆ ಕೇಳುತ್ತೆ."

"ಹಾವು ತಾನೆ?"

ಆರ್ಲಿಸ್ ಗಂಡನ ತಟ್ಟೆಗೆ ಇನ್ನೊಂದು ತುಂಡು ಕೇಕ್ ಹಾಕಿದಳು.

"ಹಾವು ಮೊದ್ಲಿಂದ್ಲೂ ಸಾಧು ಕಣಮ್ಮ."