ಇಲ್ಲದ ಕರೆಂಟನ್ನು ಉಳಿಸಿದ್ದು

ಕರೆಂಟ್ ಇದ್ದಾಗ ಉಳಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಇಲ್ಲದಾಗ ಉಳಿಸುವವನು ಇಡೀ ಬನಹಟ್ಟಿಯಲ್ಲಿ ನಾನೊಬ್ಬನೇ ಇದ್ದಿರಬೇಕು. ಬಹಳ ದಿನ ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಈಗ ಆ ಮಾತು ಬಂದರೆ ಬೇರೆ ವಿಷಯ ತೆಗೆಯುತ್ತೇನೆ.

ನಮ್ಮೂರಲ್ಲಿ ಕರೆಂಟ್ ಹೋದದ್ದು ಮೊದಲು ಗೊತ್ತಾಗುವುದು ಕಿವಿಗೆ. ಓಣಿಯ ವಿದ್ಯುತ್ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚುತ್ತವೆ. ಅದುವರೆಗೆ ಮಗ್ಗದ ಸದ್ದಿನ ಮೇಲೆ ಕೂಗಿ ಮಾತಾಡುತ್ತಿದ್ದವರ ಮನೆಯ ಗುಟ್ಟೊಂದು ಆ ಕ್ಷಣಕ್ಕೆ ಸಿಕ್ಕಿಬಿದ್ದು ಎಲ್ಲರಿಗೂ ಕೇಳಿಸುತ್ತದೆ. ಕೇಳಿಸಿಕೊಂಡವರು ಇನ್ನಷ್ಟು ಕೇಳಲು ಕಟ್ಟೆಗೆ ಬಂದು ಕೂರುತ್ತಾರೆ. ನಾನು ಮಾತ್ರ ಮನೆ ಸುತ್ತಲು ಹೊರಡುತ್ತಿದ್ದೆ. ಕರೆಂಟ್ ಹೋಗುವಾಗ ಯಾವ ಫ್ಯಾನು ತಿರುಗುತ್ತಿತ್ತು, ಯಾವ ದೀಪ ಹತ್ತಿತ್ತು ಎಂದು ಯಾರಿಗೂ ನೆನಪಿರುವುದಿಲ್ಲ. ಮರಳಿ ಬಂದಾಗ ಖಾಲಿ ಕೋಣೆಗಳಲ್ಲಿ ಎಲ್ಲವೂ ತಮ್ಮಷ್ಟಕ್ಕೆ ನಡೆದಿರುತ್ತವೆ. ಆದ್ದರಿಂದ ಹೋದ ಕೂಡಲೇ ಕೆಳಗಿರುವ ಸ್ವಿಚ್ಚುಗಳನ್ನೆಲ್ಲ ಮೇಲೆ ಮಾಡಿಬಿಡುವುದು. ಕೆಳಗಿದ್ದರೆ ಚಾಲೂ, ಮೇಲಿದ್ದರೆ ಬಂದ್. ಬಿ.ಎಸ್ಸಿ. ಓದಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಇದನ್ನು ಬೇರೆಯವರು ಹೇಳಿಕೊಡಬೇಕೆ? ದೇವರ ಮುಂದಿನ ಪುಟ್ಟ ಬಲ್ಬನ್ನೂ ನಾನು ಬಿಡುತ್ತಿರಲಿಲ್ಲ. “ದೇವ್ರನ್ನೂ ಕತ್ತಲ್ಯಾಗ ಕುಂದ್ರಿಸಿದ್ಯಲ್ಲೋ, ನಿನ್ನ ಶಾಣೇತನಕ್ಕ ಏನನ್ನೂಣು!” ಎಂದು ಅವ್ವ ಬೈಯುತ್ತಿದ್ದಳು. ದೇವರು ಏನೂ ಅಂದಿರಲಿಲ್ಲ.

ಹಿಂದಿನ ಕೋಣೆಯಲ್ಲಿ ನಮ್ಮ ಮಗ್ಗವಿದೆ. ನೇಯುವವರು ಅಣ್ಣ ಮತ್ತು ಅವನ ಹೆಂಡತಿ, ನನ್ನ ವೈನಿ. ಹಳೆಯ ಮಗ್ಗ, ಸ್ವಿಚ್ ಹಾಕಿದರೆ ಮೋಟಾರು, ಮೋಟಾರು ತಿರುಗಿದರೆ ಮಗ್ಗ, ನಡುವೆ ತಡೆಯುವಂಥದ್ದು ಏನೂ ಇಲ್ಲ. ಕರೆಂಟ್ ಹೋದಾಗ ನೇಕಾರರು ಮೊದಲು ಸ್ವಿಚ್ ಬಂದ್ ಮಾಡಿ, ಆಮೇಲೆ ಕಡಿದ ಎಳೆಗಳನ್ನು ಗಂಟು ಹಾಕಿಕೊಳ್ಳುತ್ತಾರೆ. ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಕರೆಂಟ್ ಹೋದಾಗ ಅಣ್ಣ ನೂಲು ತರಲು ಪಕ್ಕದ ರಬಕವಿಗೆ ಹೋಗಿದ್ದ. ವೈನಿ ಮಗ್ಗದೊಳಗೆ ಮೊಣಕೈತನಕ ಕೈ ಹಾಕಿ, ಬಗ್ಗಿ, ಎಳೆ ಹುಡುಕುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಗೋಡೆಯ ಮೇಲೆ ಮೋಟಾರಿನ ಸ್ವಿಚ್ ಕೆಳಗಿತ್ತು. ಅಯ್ಯೋ, ಹಾಗೇ ಬಿಟ್ಟಿದ್ದಾರಲ್ಲ! ಅವರಿಗೆ ತಿಳಿಯದಂತೆ ಉಪಕಾರ ಮಾಡುವ ದೊಡ್ಡತನದಲ್ಲಿ ಮೆಲ್ಲಗೆ ಮೇಲೆ ಮಾಡಿ, ಪಡಸಾಲೆಗೆ ಬಂದು ಕುಳಿತೆ.

ಕರೆಂಟ್ ಬಂತು. ಮಗ್ಗದ ಗಡಗಡದೊಳಗಿಂದ ವೈನಿಯ ಕೂಗು ಕೇಳಿಸಿತು. ಓಡಿದೆ. ಜಾರಿದ ಸೆರಗು ಸರಿ ಮಾಡಿಕೊಳ್ಳಲು ಅವರು ಅದೇ ಆಗ ಕೈ ಹೊರಗೆ ತೆಗೆದಿದ್ದರಂತೆ. ಕೈ ಉಳಿದಿತ್ತು, ಸೆರಗು ಉಳಿದಿರಲಿಲ್ಲ. ಅದು ಬೆಲ್ಟಿಗೆ ಸುತ್ತಿಕೊಂಡು ಅವರನ್ನು ಒಳಗೆ ಎಳೆಯುತ್ತಿತ್ತು. ಸ್ವಿಚ್ ನೋಡಿದರೆ ಮೇಲೇ ಇದೆ! ವಿಜ್ಞಾನದ ಪ್ರಕಾರ ಮಗ್ಗ ನಿಂತಿದೆ. ಆ ಒಂದು ಗಳಿಗೆ ನಾನು ಮಗ್ಗವನ್ನು ನಂಬಲೋ ಸ್ವಿಚ್ಚನ್ನು ನಂಬಲೋ ಎಂದು ನಿಂತೆ. ಈಗಲೂ ಪಾಠ ಮಾಡುವಾಗ, ಊಟ ಮಾಡುವಾಗ, ನಾನು ಅಲ್ಲೇ ನಿಂತಿರುತ್ತೇನೆ. ಆಮೇಲೆ ಕೈಗೆ ಏನು ತೋಚಿತೋ, ಕೆಳಗೆ ಒತ್ತಿದೆ. ನಿಂತಿತು. ಹಿಂದಿನ ವರ್ಷ ವೈರ್‌ಮನ್ ಆ ಬೋರ್ಡನ್ನು ತಲೆಕೆಳಗಾಗಿ ಕೂಡಿಸಿದ್ದು, ಅಲ್ಲಿ ಕೆಳಗಿದ್ದರೆ ಬಂದ್, ಮೇಲಿದ್ದರೆ ಚಾಲೂ ಎಂದು ಅಣ್ಣ ನನಗೆ ಹೇಳಿದ್ದು, ಎಲ್ಲ ಆಗ ನೆನಪಾಯಿತು.

ಪಕ್ಕದ ಮನೆಯ ಕಸ್ತೂರಕ್ಕ ಓಡಿ ಬಂದರು. “ಮೈದುನ ಮನ್ಯಾಗ ಇದ್ದಾನಂತ ಉಳದಿ ನೋಡ ಬೇ!” ಎಂದರು. ವೈನಿ ಬೆಲ್ಟಿನಿಂದ ಸೆರಗು ಬಿಡಿಸಿಕೊಂಡು ನನಗೆ ಕೈ ಮುಗಿದರು. ನಾನೂ ಮುಗಿದೆ. ಸಂಜೆ ಶಿರಾ ಮಾಡಿ ಬಡಿಸಿದರು. ನಿಜ ಹೇಳದ ಬಾಯಿಯಲ್ಲಿ ಶಿರಾ ಹೇಗೆ ಇಳಿಯಿತೋ, ಇಳಿಯಿತು.

ಅಣ್ಣ ಬಂದವನೇ ಹೆಂಡತಿಗೆ ಬೈದ. “ಸ್ವಿಚ್ ಬಂದ್ ಮಾಡೂದು ಮರೀತಾರೇನ? ನಿನಗ ಮರವು ಹತ್ತೇತಿ. ಇನ್ನ ಮಗ್ಗದ ಹಂತ್ಯಾಕ ಬರಬ್ಯಾಡ.” ಹುಡುಗಿಯಾಗಿದ್ದಾಗಿನಿಂದ ನೇಯ್ದ ವೈನಿ ಎದುರಾಡದೆ ಅಡುಗೆಮನೆ ಸೇರಿದರು. ಗ್ಯಾಸ್ ಆರಿಸಿ ಮತ್ತೆ ಮತ್ತೆ ಹೋಗಿ ನೋಡುತ್ತಿದ್ದರು. ಐದನೆಯ ದಿನ ನನಗೆ ರೊಟ್ಟಿ ಬಡಿಯುತ್ತಾ, “ನಮ್ಮವ್ವಗೂ ಹಿಂಗ ಸುರು ಆಗಿತ್ತು ತಮ್ಮಾ. ಕಡೀಕ ನನ್ನ ಗುರ್ತಾ ಹಿಡೀಲಿಲ್ಲ,” ಎಂದರು.

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. “ವೈನೀ, ನೀವು ಮರತಿಲ್ರಿ. ಬಂದ್ ಮಾಡಿದ್ರಿ. ಹಾಕಿದಾಂವ ನಾನು.”

“ಖರೇನ?”

“ಖರೇರಿ.”

“ನಾ ಬಂದ್ ಮಾಡಿದ್ದೆ?”

“ಮಾಡಿದ್ರಿ.”

ಬಡಿಯುವ ಕೈ ನಿಂತಿತು. ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಆಮೇಲೆ ಅಡುಗೆಮನೆ ನಡುಗುವಂತೆ, “ನಿನ್ನ ಸಾಲಿ ಸುಡ್ಲಿ! ನನ್ನ ಕೈಲೆ ಶಿರಾ ತಿಂದು ಐದ ದಿನಾ ಸುಮ್ನ ಕುಂತ್ಯಲ್ಲೋ, ಭಾಡ್ಯಾ!” ಎಂದು ಎದ್ದವರೇ ಕೈ ತೊಳೆದು ಸೀದಾ ಮಗ್ಗಕ್ಕೆ ಹೋದರು. ಅರ್ಧ ಬಡಿದ ರೊಟ್ಟಿ ಅಲ್ಲೇ ಉಳಿಯಿತು.

ವಿಷಯ ತಿಳಿದ ಅಣ್ಣ ಮರುದಿನವೇ ಬೋರ್ಡು ತಿರುಗಿಸಿ ಕೂಡಿಸಿದ. ವೈನಿಗೆ ಅಷ್ಟು ಸಾಲಲಿಲ್ಲ. ಈಗ ಕರೆಂಟ್ ಹೋದರೆ ನಾನು ಮಗ್ಗದ ಕೋಣೆಯ ಸ್ಟೂಲಿನ ಮೇಲೆ, ಅವರಿಗೆ ಕಾಣುವಂತೆ, ಕೈ ಕಟ್ಟಿ ಕೂರಬೇಕು. ಕೂರುತ್ತೇನೆ. ಅವರು ಸ್ವಿಚ್ ಬಂದ್ ಮಾಡುತ್ತಾರೆ. ಆಮೇಲೆ ಮಗ್ಗದೊಳಗೆ ಕೈ ಹಾಕುವ ಮೊದಲು ಒಂದು ಸಲ ತಿರುಗಿ ನೋಡುತ್ತಾರೆ. ಸ್ವಿಚ್ಚನ್ನಲ್ಲ, ನನ್ನ ಕೈಗಳನ್ನು.