ಮಾವನ ವಿ-ಓಟು

ನಮ್ಮ ಸೋದರಮಾವನಿಗೆ ಜ್ವರ ಬಂದರೆ ಮೊದಲು ಮಾತ್ರೆ ಕೊಡಬಾರದು. ‘ಜ್ವರ’ ಎಂಬ ಪದ ಎಲ್ಲಿಂದ ಬಂತೆಂದು ಹೇಳಬೇಕು. ಇಲ್ಲದಿದ್ದರೆ ಜ್ವರ ಇಳಿದರೂ ಮಾವ ತಣ್ಣಗಾಗುವವರಲ್ಲ! ಮೊಳಕಾಲ್ಮೂರಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತರಾದವರು. ಶಾಲೆ ಬಿಟ್ಟರು, ಪಾಠ ಬಿಡಲಿಲ್ಲ.

ಒಮ್ಮೆ ಚಳ್ಳಕೆರೆಯ ಹೋಟೆಲಿನಲ್ಲಿ ಉಪ್ಪಿಟ್ಟು ತಂದಿಟ್ಟ ಮಾಣಿಯನ್ನು ತಡೆದು ನಿಲ್ಲಿಸಿದರು. “ಉಪ್ಪು, ಹಿಟ್ಟು ಸೇರಿ ಉಪ್ಪಿಟ್ಟು. ಇದ್ರಾಗೆ ಉಪ್ಪೈತೆ, ಹಿಟ್ಟೆಲ್ಲೈತಪ್ಪಾ?”

“ತಿಂತೀರಾ ಸಾರ್, ಇಲ್ಲ ವಾಪಸ್ ತಗಂಡು ಹೋಗಿ ಹಿಟ್ಟು ಉದುರಿಸ್ಕಂಡು ಬರ್ಲಾ?” ಎಂದ ಅವನು.

ಇಂಥವರ ಕೈಗೆ ನನ್ನ ಹೊಸ ವಾಚು ಸಿಕ್ಕಿತು. ಹೆಜ್ಜೆ, ನಾಡಿ, ನಿದ್ದೆ ಎಲ್ಲ ಎಣಿಸುವ ವಾಚು. ಅದರಲ್ಲಿ ‘ವಿಓ2 ಮ್ಯಾಕ್ಸ್’ ಎಂದಿತ್ತು. ಏನದು ಎಂದರು. “ಓಡೋರಿಗೆ ಎಷ್ಟು ದಮ್ಮೈತೆ ಅಂತ ಹೇಳುತ್ತೆ ಮಾವ” ಎಂದೆ. ಅಷ್ಟೇ ಸಾಕಾಯಿತು!

“ವಿ-ಓಟು! ‘ವಿ’ ಉಪಸರ್ಗ ಕಣೋ, ವಿಜ್ಞಾನ, ವಿಶೇಷ ಇದ್ದಂಗೆ. ಓಟ ನಮ್ಮದೇ ಪದ. ವಿಶೇಷವಾದ ಓಟ! ಇಂಗ್ಲಿಷ್‌ನೋರು ಎತ್ಕಂಡು ಹೋಗಿ ಬಾಲಕ್ಕೆ ಮ್ಯಾಕ್ಸ್ ಕಟ್ಟವ್ರೆ!”

“ಸಂಸ್ಕೃತಕ್ಕೆ ಕನ್ನಡ ಅಂಟಿಸಿದ್ರೆ ಅರಿಸಮಾಸ ಆಗಲ್ವಾ ಮಾವ?” ಅವರು ಕಲಿಸಿದ ಬಾಣವನ್ನೇ ಅವರ ಮೇಲೆ ಬಿಟ್ಟೆ.

“ಓಡೋ ಅವಸರದಾಗೆ ವ್ಯಾಕರಣ ಯಾರು ನೋಡ್ತಾರಲೇ!”

ಈ ಅರ್ಥವನ್ನು ಊರಿಗೆಲ್ಲ ಹಂಚುತ್ತಿದ್ದಾಗಲೇ ಅತ್ತೆಗೆ ಏದುಸಿರು ಶುರುವಾಯಿತು. ತೆಲುಗು ಮನೆಮಾತಿನ ಅತ್ತೆ ದಿನವಿಡೀ ಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದವರು; ಈಗ ನಾಲ್ಕು ಮೆಟ್ಟಿಲು ಹತ್ತಿ ಕೂತುಬಿಡುತ್ತಿದ್ದರು. ಚಳ್ಳಕೆರೆಯ ಡಾಕ್ಟರು ಹೃದಯ ಸೋತಿದೆ ಎಂದು ಔಷಧ ಬರೆದು, ದಿನಾ ನಿಧಾನವಾಗಿ ನಡೆಯಿರಿ, ಏದುಸಿರು ಬಂದರೆ ನಿಲ್ಲಿ ಎಂದರು. ಮಾವ ಅಲ್ಲಿಯೂ ತಮ್ಮ ವಿ-ಓಟು ತೆಗೆದರು.

ಡಾಕ್ಟರು ನಗಲಿಲ್ಲ. “ವಿ ಅಂದ್ರೆ ವಾಲ್ಯೂಮ್, ಪ್ರಮಾಣ. ಓ ಟೂ ಆಮ್ಲಜನಕ. ಮ್ಯಾಕ್ಸ್ ಅಂದ್ರೆ ಗರಿಷ್ಠ. ಮೈ ಜೋರಾಗಿ ದುಡಿಯುವಾಗ ನಿಮಿಷಕ್ಕೆ ಹೆಚ್ಚಂದ್ರೆ ಎಷ್ಟು ಆಮ್ಲಜನಕ ಬಳಸ್ಕೊಳ್ಳುತ್ತೆ ಅನ್ನೋದು. ನಿಮ್ಮ ಮನೆಯವರದು ಈಗ ಕಮ್ಮಿ ಆಗೈತೆ ಮೇಷ್ಟ್ರೇ.”

ಮಾವ ಬಸ್ಸಿನಲ್ಲಿ ಊರು ಬರುವವರೆಗೂ ಅತ್ತೆಯ ಕೈ ಹಿಡಿದು ಕೂತಿದ್ದರು.

ಈಗ ದಿನಾ ಬೆಳಿಗ್ಗೆ ಇಬ್ಬರೂ ನಡೆಯಲು ಹೋಗುತ್ತಾರೆ. ಹೋದ ವಾರ ನಾನೂ ಜೊತೆಗಿದ್ದೆ. ಬೀದಿಯ ತಿರುವು ಬರುವಷ್ಟರಲ್ಲಿ ಮಾವ ತಟ್ಟನೆ ನಿಂತರು. “ಅಲ್ಲ ಕಣೇ, ನಿಮ್ಮ ತೆಲುಗಿನ ಊಪಿರಿಗೂ ನಮ್ಮ ಉಸಿರಿಗೂ ಏನಾದ್ರೂ ನಂಟೈತಾ?” ಎಂದು ಶುರುಮಾಡಿದರು. ಹಾಲು ತರುತ್ತಿದ್ದವರು ನೋಡಿ ನಕ್ಕರು. ಹೆಂಡತಿಯನ್ನೂ ನಡುಬೀದಿಯಲ್ಲಿ ನಿಲ್ಲಿಸಿ ಪಾಠವೇ? ನನಗೂ ರೇಗಿತು. “ನಡೀರಿ ಮಾವ, ಬಿಸಿಲಾಗುತ್ತೆ” ಎಂದೆ.

ಅತ್ತೆ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದರು: “ಸುಮ್ಕಿರಪ್ಪ. ನಾನು ಸುಸ್ತಾಗಿ ನಿಂತೆ ಅಂತ ನಾಲ್ಕು ಜನ ಅನ್ನಬಾರ್ದು ಅಂತ ಅವರೇ ನಿಲ್ತಾರೆ. ನಂಗೆ ದಮ್ಮು ತಿರುಗಿ ಬರೋವರ್ಗೂ ಆ ಪದ ಮುಗಿಯಲ್ಲ.”